ಇಂಜಿನ್ ಬಿಸಿ ಇಳಿಸಿಕೊಂಡಿದ್ದಕ್ಕೆ ಮೀಟರ್ ವಾರಂಟಿ ಹೋಯ್ತಂತೆ

ಹೊಟ್ಟೆ ಉರೀತಿದೆ, ಅದಕ್ಕೇ ಬರೀತಿದ್ದೀನಿ.

ನನ್ನ ಬೈಕಿನ ಮೀಟರ್ ಒಳಗೆ ಮಳೆನೀರು ಹೋಗಿದೆ. ಗಾಜಿನ ಒಳಗಡೆ ಹನಿ ಕಟ್ಟಿದೆ, ಅರ್ಧ ಡಿಸ್‌ಪ್ಲೇ ಕಪ್ಪಾಗಿದೆ. ಗಾಡಿ ತಗೊಂಡು 14 ತಿಂಗಳು, ವಾರಂಟಿ 3 ವರ್ಷ. ಶನಿವಾರ ಬೆಳಿಗ್ಗೆ ಸರ್ವೀಸ್ ಸೆಂಟರ್‌ಗೆ ಒಯ್ದೆ. ಹುಡುಗ ಬ್ಯಾಟರಿ ನೋಡೋಕೆ ಅಂತ ಸೀಟು ಎತ್ತಿದ. ಅಲ್ಲಿ ನಾನು ಹಾಕಿಕೊಂಡಿದ್ದ ಫ್ಯೂಯಲ್ ಮಾಡ್ಯೂಲ್ ಕಂಡ, ಇಂಜಿನ್‌ಗೆ ಹೋಗೋ ಪೆಟ್ರೋಲನ್ನ ಒಂಚೂರು ಹೆಚ್ಚಿಸೋ ಬೆಂಕಿಪೊಟ್ಟಣದಷ್ಟು ದೊಡ್ಡ ಪೆಟ್ಟಿಗೆ ಅದು. ಅಡ್ವೈಸರ್‌ನ ಕರೆದ. ಆತ ಮೀಟರ್ ಕಡೆ ತಿರುಗಿಯೂ ನೋಡಲಿಲ್ಲ. "ಎಲೆಕ್ಟ್ರಿಕಲ್ ಆಲ್ಟರೇಷನ್ ಆಗಿದೆ ಸರ್. ವಾರಂಟಿ ಬರಲ್ಲ. ಹೊಸ ಮೀಟರ್ 11,400 ಆಗುತ್ತೆ, ಹಾಕಿಬಿಡ್ಲಾ?"

ಮಾಡ್ಯೂಲ್‌ದು ಆರು ಫೋಟೋ ತೆಗೆದರು. ಮೀಟರ್‌ದು ಒಂದೂ ತೆಗೆಯಲಿಲ್ಲ.

ಆ ಮಾಡ್ಯೂಲ್ ನಾನು ಶೋಕಿಗೆ ಹಾಕಿದ್ದಲ್ಲ. ದಿನಾ ಬನಶಂಕರಿಯಿಂದ ಮಾರತ್ತಹಳ್ಳಿಗೆ ಹೋಗಿ ಬರೋನು ನಾನು. ಸಿಲ್ಕ್ ಬೋರ್ಡ್ ಹತ್ತಿರ ಗಾಡಿ ನಿಂತರೆ ನಿಂತ ಹಾಗೇ. ಫ್ಯಾನ್ ಆನ್ ಆಗಿ ಕುಲುಮೆಯ ಗಾಳಿ ಬಲಗಾಲಿಗೆ ಹೊಡೆಯುತ್ತೆ. ಪ್ಯಾಂಟ್ ಒಳಗೆ ತೊಡೆ ಕೆಂಪಾಗಿ, ಆಫೀಸಿನಲ್ಲಿ ಕೂತರೂ ಚುರುಗುಟ್ಟುತ್ತಿತ್ತು. ಅದನ್ನಾದರೂ ಸಹಿಸಬಹುದಿತ್ತು. ಚಾರ್ಮಾಡಿಯಲ್ಲಿ ಆಗಿದ್ದನ್ನ ಸಹಿಸೋಕೆ ಆಗಲ್ಲ. ಕೊಟ್ಟಿಗೆಹಾರದಿಂದ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗ್ತಿದ್ವಿ, ಹಿಂದೆ ಹೆಂಡತಿ ಕೂತಿದ್ದಳು, ರಸ್ತೆ ಒದ್ದೆ. ಹೇರ್‌ಪಿನ್ ತಿರುವಿನಲ್ಲಿ ಎರಡನೇ ಗೇರ್‌ನಲ್ಲಿ ಆಕ್ಸಿಲರೇಟರ್ ಒಂಚೂರು ತಿರುಗಿಸಿದರೆ ಮೊದಲು ಏನೂ ಆಗಲ್ಲ, ಮರುಕ್ಷಣ ದಡಕ್ಕನೆ ಎಳೆಯುತ್ತೆ. ಗಾಡಿ ಬಗ್ಗಿಸಿರೋವಾಗ ಹಾಗೆ ಜಗ್ಗಿದರೆ ಹಿಂದಿನ ಚಕ್ರ ಎಲ್ಲಿಗೆ ಹೋಗುತ್ತೆ ಅಂತ ಓಡಿಸೋರಿಗೆ ಗೊತ್ತು. ಅವಳು ನನ್ನ ಜಾಕೆಟ್ ಹಿಡಿದಿದ್ದ ಹಿಡಿತ ಇನ್ನೂ ನೆನಪಿದೆ.

ಎರಡು ಸರ್ವೀಸ್‌ನಲ್ಲೂ ಇದನ್ನೇ ಹೇಳಿದೆ. ಎರಡು ಸಲವೂ ಒಂದೇ ಉತ್ತರ: "ಈ ಮಾಡೆಲೇ ಹಿಂಗೆ ಸರ್. ಬಿಎಸ್-6 ಅಲ್ವಾ, ಎಲ್ಲಾ ಗಾಡಿನೂ ಹಿಂಗೇ." ಜಾಬ್ ಕಾರ್ಡ್‌ನಲ್ಲಿ ತೊಂದರೆ ಏನೂ ಕಂಡಿಲ್ಲ ಅಂತ ಬರೆದು ಕಳಿಸಿದರು. ತೊಡೆ ಸುಟ್ಟುಕೊಂಡೋನು ನಾನು, ಕಂಡಿಲ್ಲ ಅನ್ನೋರು ಅವರು.

ಆಮೇಲೆ ನಾನೇ ಕೂತು ಓದಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಅನ್ನೋ ಹೊಗೆ ನಿಯಮ ಬಂದ ಮೇಲೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡಲಿ ಅಂತ ಮಿಶ್ರಣವನ್ನ 14.7 ಪಾಲು ಗಾಳಿಗೆ 1 ಪಾಲು ಪೆಟ್ರೋಲ್‌ನ ಆಸುಪಾಸಿನಲ್ಲೇ ಬಿಗಿಯಾಗಿ ಹಿಡಿದಿರುತ್ತಾರೆ. ಸೈಲೆನ್ಸರ್ ಪೈಪಿನಲ್ಲಿರೋ ಆಕ್ಸಿಜನ್ ಸೆನ್ಸರ್ ಇಸಿಯುಗೆ, ಅಂದರೆ ಇಂಜಿನ್ ನಡೆಸೋ ಕಂಪ್ಯೂಟರ್‌ಗೆ, ಲೆಕ್ಕ ಒಪ್ಪಿಸ್ತಾ ಇರುತ್ತೆ. ಆ ಲೆಕ್ಕದಲ್ಲಿ ಉರಿ ಜೋರು. ಪೆಟ್ರೋಲ್ ಒಂದಿಷ್ಟು ಜಾಸ್ತಿ ಹೋದರೆ ಶಾಖ ಇಳಿಯುತ್ತೆ, ಎಳೆತವೂ ನಯವಾಗುತ್ತೆ. ಮಾಡ್ಯೂಲ್ ಮಾಡೋದು ಇಷ್ಟೇ: ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ತೆರೆದಿರೋ ಹೊತ್ತನ್ನ ಮಿಲಿಸೆಕೆಂಡಿನ ಸಣ್ಣ ಪಾಲಿನಷ್ಟು ಹೆಚ್ಚಿಸುತ್ತೆ. ಇಂಜೆಕ್ಟರ್‌ಗೆ ಮಾತ್ರ ಹಾಕಿದರೆ ಸೆನ್ಸರ್ ಹೇಳಿದ ಹಾಗೆ ಇಸಿಯು ನಿಧಾನಕ್ಕೆ ಆ ಹೆಚ್ಚುವರಿಯನ್ನ ಮತ್ತೆ ಕಡಿದುಬಿಡುತ್ತೆ. ಅದಕ್ಕೇ ಸೆನ್ಸರ್ ವೈರಿಗೂ ಕೂರಿಸೋ ಮಾಡ್ಯೂಲನ್ನೇ 7,500 ಕೊಟ್ಟು ತಗೊಂಡೆ.

ಒಂದು ಭಾನುವಾರ ಪೂರ್ತಿ ಪಾರ್ಕಿಂಗ್‌ನಲ್ಲಿ ಕೂತು ನಾನೇ ಹಾಕಿದೆ. ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿದೆ. ಸೀಟು, ಪಕ್ಕದ ಪ್ಯಾನಲ್, ಟ್ಯಾಂಕಿನ ಬೋಲ್ಟು. ಪೆಟ್ರೋಲ್ ಪೈಪಿನಲ್ಲಿ ಒತ್ತಡ ಇರುತ್ತೆ ಅಂತ ಬಟ್ಟೆ ಸುತ್ತಿ, ಕ್ಲಿಪ್ ಒತ್ತಿ, ತೊಟ್ಟಿಕ್ಕಿದ್ದನ್ನ ಒರೆಸಿ, ಟ್ಯಾಂಕನ್ನ ಹಳೇ ಹಾಸಿಗೆ ಮೇಲೆ ಮಲಗಿಸಿದೆ. ಇಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಪಕ್ಕ ಇಂಜೆಕ್ಟರ್‌ನ ಎರಡು ಪಿನ್ನಿನ ಕಪ್ಲರ್ (ವೈರ್ ಜೋಡಿಸೋ ಪ್ಲಗ್ಗು), ಅದರ ಲಾಕ್ ಮುರಿಯದ ಹಾಗೆ ಬಿಚ್ಚೋಕೇ ಇಪ್ಪತ್ತು ನಿಮಿಷ ಹಿಡಿಯಿತು. ನಡುವೆ ಮಾಡ್ಯೂಲ್‌ನ ಕಪ್ಲರ್ ಕೂರಿಸಿದೆ, ಕೆಳಗಡೆ ಸೆನ್ಸರ್‌ದು, ಗ್ರೌಂಡ್ ವೈರ್ ನೇರ ಬ್ಯಾಟರಿಗೆ. ಸೈಲೆನ್ಸರ್‌ಗೆ ತಾಗದ ಹಾಗೆ ವೈರನ್ನ ಚಾಸಿಗೆ ಕಟ್ಟಿದೆ. ಒಂದೇ ಒಂದು ವೈರ್ ಕತ್ತರಿಸಿಲ್ಲ, ಸುಲಿದಿಲ್ಲ. ಬೇಡ ಅಂದರೆ ಎಲ್ಲ ಬಿಚ್ಚಿ ಕಂಪನಿಯ ಕಪ್ಲರ್ ಕಂಪನಿಯ ಕಪ್ಲರ್‌ಗೇ ಹಾಕಬಹುದು. ಸಂಜೆ ಸ್ಟಾರ್ಟ್ ಮಾಡಿದಾಗ ಐಡ್ಲಿಂಗ್ ಶಬ್ದವೇ ಬದಲಾಗಿತ್ತು. ಮಾರನೇ ದಿನ ಸಿಲ್ಕ್ ಬೋರ್ಡ್‌ನಲ್ಲಿ ಮೂರನೇ ಗೇರ್‌ನಲ್ಲೇ ಜಗ್ಗದೆ ಹೋಯಿತು. ಬಿಸಿ ಪೂರ್ತಿ ಹೋಗಲಿಲ್ಲ, ಆದರೆ ಕಾಲು ಇಡೋ ಹಾಗಾಯಿತು. ಮೈಲೇಜ್ 31ರಿಂದ 28ಕ್ಕೆ ಇಳಿಯಿತು, ಅದಕ್ಕೆ ನನ್ನ ಒಪ್ಪಿಗೆ ಇದೆ.

ಪೆಟ್ರೋಲ್ ಜಾಸ್ತಿ ಹೋದರೆ ಕಾರ್ಬನ್ ಮೊನಾಕ್ಸೈಡ್ ಜಾಸ್ತಿ ಬರುತ್ತೆ, ಗೊತ್ತು. ಅದಕ್ಕೇ ಹತ್ತು ಸೆಟ್ಟಿಂಗ್ ಇದ್ದರೂ ಎರಡನೇದರಲ್ಲೇ ನಿಲ್ಲಿಸಿದೆ, ಎಮಿಷನ್ ಟೆಸ್ಟ್ ಮಾಡಿಸಿದೆ, ಪಾಸಾಯಿತು. ಆ ಟೆಸ್ಟು ಐಡ್ಲಿಂಗ್‌ನಲ್ಲಿ ಮಾತ್ರ ನೋಡೋದು ಅನ್ನೋದೂ ಗೊತ್ತು. ಯಾರಾದರೂ ಹೊಗೆ ವಿಷಯ ಎತ್ತಿ ಬೈದಿದ್ದರೆ ಕೇಳಿಸಿಕೊಳ್ತಿದ್ದೆ, ಅದು ನ್ಯಾಯವಾದ ಮಾತು. ಗಾಡಿಯಲ್ಲಿ ಬದಲಾವಣೆ ಮಾಡೋದನ್ನ ತಡೆಯೋ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತೆಗೆದು ಓದಿದ್ದರೂ ಕೇಳ್ತಿದ್ದೆ, ಅದಕ್ಕೆ ಉತ್ತರ ಕೊಡಬೇಕಾದೋನು ನಾನೇ. ಆ ಅಡ್ವೈಸರ್ ಅದ್ಯಾವುದನ್ನೂ ಎತ್ತಲಿಲ್ಲ. ಸೀಟಿನ ಕೆಳಗೆ ಕೂತಿರೋ ಪೆಟ್ಟಿಗೆ ಹ್ಯಾಂಡಲ್ ಮೇಲಿರೋ ಮೀಟರ್‌ನ ರಬ್ಬರ್ ಸೀಲನ್ನ ಹೇಗೆ ಹಾಳು ಮಾಡ್ತು ಅಂತ ಮೂರು ಸಲ ಕೇಳಿದೆ. ಮೂರು ಸಲವೂ "ಕಂಪನಿ ಪಾಲಿಸಿ ಸರ್". ನೀರು ಯಾವ ವೈರಿನಲ್ಲಿ ಹರಿದು ಬಂತು ಹೇಳಪ್ಪಾ ಅಂದೆ, ಕಂಪ್ಯೂಟರ್ ಕಡೆ ತಿರುಗಿಕೊಂಡ.

ಎಲ್ಲಕ್ಕಿಂತ ಮೈ ಉರಿದಿದ್ದು ಇದಕ್ಕೆ. ಗಾಡಿ ಡೆಲಿವರಿ ದಿನ ಇದೇ ಸರ್ವೀಸ್ ಸೆಂಟರ್‌ನವರು 4,800 ತಗೊಂಡು ಫಾಗ್ ಲ್ಯಾಂಪ್ ಹಾಕಿದ್ದಾರೆ. ಹೆಡ್‌ಲೈಟ್ ಹಿಂದೆ, ಮೀಟರ್‌ನಿಂದ ಗೇಣು ದೂರದಲ್ಲಿ, ಕಂಪನಿಯ ವೈರ್ ಸುಲಿದು, ಜೋಡಿಸಿ, ಕಪ್ಪು ಟೇಪ್ ಸುತ್ತಿದ್ದಾರೆ. ಆ ಟೇಪ್ ಈಗ ಬಿಚ್ಚಿಕೊಂಡು ನೇತಾಡ್ತಿದೆ. ಅದನ್ನ ಬೆರಳಿಟ್ಟು ತೋರಿಸಿದೆ. "ಅದು ನಾವು ಹಾಕಿದ್ದಲ್ವಾ ಸರ್" ಅಂದ. ಅವರು ಸುಲಿದರೆ ಆಕ್ಸೆಸರಿ, ನಾನು ಕಪ್ಲರ್ ಜೋಡಿಸಿದರೆ ಆಲ್ಟರೇಷನ್! ಸಾಲ ಮಾಡಿ ತಗೊಂಡ ಗಾಡಿಗೆ ತಿಂಗಳು ತಿಂಗಳು ಕಂತು ಕಟ್ತಿರೋನ ಮುಖಕ್ಕೆ ಹೀಗೆ ಹೇಳೋಕೆ ಬಾಯಾದರೂ ಹೇಗೆ ಬರುತ್ತೆ?

ವಾರಂಟಿ ಕೊಡಲ್ಲ ಅನ್ನೋದನ್ನ, ಮಾಡ್ಯೂಲ್‌ನಿಂದಲೇ ಮೀಟರ್ ಕೆಟ್ಟಿದೆ ಅನ್ನೋದನ್ನ ಕಾಗದದ ಮೇಲೆ ಬರೆದು ಸೀಲು ಹಾಕಿ ಕೊಡಿ ಅಂದೆ. ಅಲ್ಲಿಗೆ ಆತನ ದನಿ ಮೆತ್ತಗಾಯಿತು. "ಮ್ಯಾನೇಜರ್ ಇಲ್ಲ ಸರ್, ಸೋಮವಾರ ಮೇಲ್ ಮಾಡಿಸ್ತೀನಿ." ಆ ಸೋಮವಾರವೂ ಹೋಯಿತು, ಅದರ ಮುಂದಿನದೂ ಹೋಯಿತು. ಫೋನ್ ಮಾಡಿದರೆ ಎತ್ತಲ್ಲ, ಬೇರೆ ನಂಬರಿನಿಂದ ಮಾಡಿದರೆ "ನೋಡ್ತೀವಿ ಸರ್" ಅಂತ ಇಡ್ತಾರೆ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೀನಿ. ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೇ ಹೋಗೋದು, 5 ಲಕ್ಷದೊಳಗಿನ ವಿಷಯಕ್ಕೆ ಅಲ್ಲಿ ಶುಲ್ಕವಿಲ್ಲ. ಎರಡೂ ಜಾಬ್ ಕಾರ್ಡ್, ನೇತಾಡ್ತಿರೋ ಆ ಟೇಪಿನ ಫೋಟೋ, ಫಾಗ್ ಲ್ಯಾಂಪ್ ಬಿಲ್ಲು ಎಲ್ಲ ಒಂದು ಫೈಲಿನಲ್ಲಿ ಹಾಕಿಟ್ಟಿದ್ದೀನಿ. ಮಾಡ್ಯೂಲನ್ನ ಬಿಚ್ಚಿಲ್ಲ, ಬಿಚ್ಚೋದೂ ಇಲ್ಲ.

ಇವತ್ತು ಬೆಳಿಗ್ಗೆಯೂ ಟ್ಯಾಂಕ್ ಮುಚ್ಚಳ ತೆಗೆದು, ಗಾಡಿ ಅಲ್ಲಾಡಿಸಿ, ಪೆಟ್ರೋಲ್ ಎಷ್ಟಿದೆ ಅಂತ ಕಣ್ಣಲ್ಲೇ ನೋಡಿಕೊಂಡು ಆಫೀಸಿಗೆ ಹೊರಟೆ.