ಇದಿರು ಅರ್ಥಧಾರಿ ಇಲ್ಲದ ರಂಗ

ಮುಂಬಯಿಯ ಪೃಥ್ವಿ ಥಿಯೇಟರಿನಲ್ಲಿ ನಟಿಯೊಬ್ಬರು ತಮ್ಮ ಬದುಕನ್ನೇ ಏಕವ್ಯಕ್ತಿ ಪ್ರಯೋಗವಾಗಿ ಆಡಿ ಮುಗಿಸಿದರೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಾರೆ. ಆಮೇಲೆ ಹೊರಗಿನ ಕೆಫೆಯಲ್ಲಿ ಚಹಾ ಕುಡಿಯುತ್ತ ತಂತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಅಂಥದೇ ಪ್ರಯೋಗ ಉಡುಪಿಯಲ್ಲಾದರೆ ಮಾತು ನೇರ ರಂಗಕ್ಕೇ ಬರುತ್ತದೆ: “ಅಲ್ಲ ಮೇಡಂ, ಇದಕ್ಕೆ ನಿಮ್ಮ ಅಮ್ಮ ಎಂತ ಹೇಳ್ತಾರೆ?” ಕಲಾವಿದರಿಗೆ ಇದು ಚುಚ್ಚುತ್ತದೆ. ಊರು ಬಿಟ್ಟು ಎರಡೂ ಕಡೆ ನಾಟಕ ನೋಡುವ ನನಗೆ ಚಪ್ಪಾಳೆಗಿಂತ ಆ ಪ್ರಶ್ನೆಯೇ ದೊಡ್ಡದು.

ಕರಾವಳಿಯ ಕಿವಿ ತಾಳಮದ್ದಳೆಯಲ್ಲಿ, ಅಂದರೆ ಮಾತೇ ಮುಖ್ಯವಾದ ಕೂತು ಆಡುವ ಯಕ್ಷಗಾನದಲ್ಲಿ ಪಳಗಿದ್ದು. ವೇಷವಿಲ್ಲ, ಕುಣಿತವಿಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಕೂತಲ್ಲೇ ‘ನಾನು’ ಎಂದು ಕರ್ಣನ ಪರ ಮಾತಾಡುತ್ತಾನೆ. ಮಾತು ಜಾರಿದರೆ ಇದಿರು ಕೂತ ಕೃಷ್ಣನ ಅರ್ಥಧಾರಿ ಹಿಡಿಯುತ್ತಾನೆ. ಆತ್ಮಕಥನದ ಪ್ರಯೋಗದಲ್ಲಿ ಆ ಇದಿರು ಅರ್ಥಧಾರಿಯೇ ಇಲ್ಲ. ಅಪ್ಪನ ಸಿಟ್ಟು, ಗಂಡನ ಮೌನ ಎಲ್ಲವೂ ಒಂದೇ ಬಾಯಿಂದ ಬರಬೇಕು. ಖಾಲಿ ಉಳಿದ ಆ ಜಾಗದಲ್ಲಿ ನಮ್ಮ ಪ್ರೇಕ್ಷಕ ತಾನೇ ಕೂರುತ್ತಾನೆ. ಪಠ್ಯದಲ್ಲೇ ಇದಕ್ಕೆ ಎಡೆ ಮಾಡಿಕೊಡಬಹುದು: 70 ನಿಮಿಷದ ಪ್ರಯೋಗದಲ್ಲಿ ಮೂರು ನಿಮಿಷ ಅಮ್ಮನದೊಂದು ಕಾಗದ ಓದಿ, ಅದಕ್ಕೆ ಉತ್ತರ ಕೊಡದೆ ಬಿಡುವುದು. ಅಮೆರಿಕದ ನಟ ಸ್ಪಾಲ್ಡಿಂಗ್ ಗ್ರೇ ಮೇಜು, ನೀರಿನ ಲೋಟ, ನೋಟ್‌ಪುಸ್ತಕ ಇಷ್ಟೇ ಇಟ್ಟುಕೊಂಡು ತನ್ನ ಕಥೆ ಹೇಳಿದವನು. ಇನ್ನೊಂದು ಪ್ರಯೋಗದಲ್ಲಿ ಆ ಖಾಲಿ ಜಾಗಕ್ಕೆ ಪ್ರೇಕ್ಷಕರನ್ನೇ ಮೇಲೆ ಕರೆದು ಅವರ ಕಥೆ ಕೇಳಿದ.

ನಮ್ಮಲ್ಲಿ ಪ್ರಯೋಗ ಕೆಡುವುದು ಸಭಾಂಗಣದಿಂದ. ಪೃಥ್ವಿಯಲ್ಲಿ ಸುಮಾರು 200 ಆಸನ, ಮೂರು ಬದಿಗೂ ಜನ; ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದರಿಂದ ಮೊಬೈಲ್ ತೆಗೆಯಲು ಸಂಕೋಚ. ಮಂಗಳೂರಿನ ಪುರಭವನದಂಥ ಕಡೆ 80 ಜನ ಚದುರಿ ಕೂತರೆ ನಗುವೂ ಹಬ್ಬುವುದಿಲ್ಲ, ನಿಶ್ಶಬ್ದವೂ ಕಟ್ಟುವುದಿಲ್ಲ. ನಟಿ ದನಿ ಏರಿಸುತ್ತಾರೆ, ಆಪ್ತ ಮಾತು ಭಾಷಣವಾಗುತ್ತದೆ. ವೇದಿಕೆಯ ಮೇಲೆಯೇ ಮೂರು ಬದಿ ಕುರ್ಚಿ ಹಾಕಿಸಿ, ಮೊದಲ ಸಾಲನ್ನು ಎರಡು ಮೀಟರ್ ದೂರದಲ್ಲಿಡಿ. ತೀರ ಹತ್ತಿರವಾದರೆ ಜನ ಕಣ್ಣು ತಪ್ಪಿಸಿ ನೆಲ ನೋಡುತ್ತಾರೆ. ಪ್ರಯೋಗಕ್ಕೆ ಮೊದಲು ಮುಕ್ಕಾಲು ಗಂಟೆಯ ಸಭಾಕಾರ್ಯಕ್ರಮ, ಶಾಲು-ಹಾರ ದಯವಿಟ್ಟು ಬೇಡ. ಕೇಳುವ ತಾಳ್ಮೆ ಅಲ್ಲೇ ಖರ್ಚಾಗುತ್ತದೆ.

ನೋವಿನ ಮಾತಿಗೆ ನಗು ಬಂದರೆ ಅದು ಹೆಚ್ಚಾಗಿ ಮುಜುಗರದ ನಗು. ಅದರ ಮೇಲೆಯೇ ಮಾತಾಡಿದರೆ ಆ ಸಾಲು ಹೋಯಿತು. ಎರಡು ಮೂರು ಸೆಕೆಂಡ್ ಸುಮ್ಮನಿದ್ದು, ಮುಂದಿನ ವಾಕ್ಯವನ್ನು ತಗ್ಗಿದ ದನಿಯಲ್ಲಿ ಎತ್ತಿಕೊಳ್ಳಬೇಕು.

ಪ್ರಯೋಗ ಮುಗಿದು ಪ್ರೇಕ್ಷಕರೊಡನೆ ನಡೆಸುವ ಸಂವಾದಕ್ಕೆ ಮೊದಲು ಹತ್ತು ನಿಮಿಷ ಬಿಡುವು ಕೊಡಿ. ಅಳು ಆರದ ಕಣ್ಣಲ್ಲೇ ಯಾರನ್ನೂ ಉತ್ತರಕ್ಕೆ ನಿಲ್ಲಿಸಬಾರದು. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ, ಕಲಾವಿದರಿಗೆ ಪ್ರತಿಕ್ರಿಯೆ ಕೊಡುವ ನಾಲ್ಕು ಹಂತ ಇಲ್ಲಿ ಚೆನ್ನಾಗಿ ಒದಗುತ್ತದೆ: ಮನಸ್ಸಿಗೆ ತಟ್ಟಿದ್ದನ್ನು ಪ್ರೇಕ್ಷಕರು ಹೇಳುವುದು, ಕಲಾವಿದೆಯೇ ಅವರನ್ನು ಕೇಳುವುದು, ಬಳಿಕ ತೀರ್ಪು ಬೆರೆಸದ ಪ್ರಶ್ನೆಗಳು, ಕೊನೆಗೆ ಒಪ್ಪಿಗೆ ಪಡೆದು ಅಭಿಪ್ರಾಯ. “ಅಮ್ಮನ ಮಾತಿಗೆ ಜಾಗ ಎಲ್ಲಿಟ್ಟಿರಿ?” ಎಂದು ತಿರುಗಿಸಿದರೆ ಉಡುಪಿಯ ಪ್ರಶ್ನೆ ಮೂರನೇ ಹಂತಕ್ಕೆ ಸಲ್ಲುತ್ತದೆ.

ಮುಂಬಯಿಯಲ್ಲಿ ಯಾರಿಗೂ ಯಾರ ಮನೆ ಗೊತ್ತಿಲ್ಲ. ಇಲ್ಲಿ ಮನೆತನದ ಹೆಸರೊಂದು ಬಾಯಿಗೆ ಬಂದರೆ ಸಾಕು, ಮರುದಿನ ಅಪ್ಪನ ಅಂಗಡಿಗೆ ಸುದ್ದಿ ಮುಟ್ಟುತ್ತದೆ. ಊರು, ಮನೆ, ಉದ್ಯೋಗ ಬದಲಿಸಿಯೇ ಆಡಿ. ಕಥೆಯಲ್ಲಿ ಬರುವ ಮನೆಯವರಿಗೆ ಮೊದಲ ಪ್ರದರ್ಶನಕ್ಕೆ ಮುಂಚೆ ಪಠ್ಯ ಓದಲು ಕೊಡಿ.