ದಿನಕ್ಕೆ ಮೂವತ್ತು ಲೀಟರ್ ಆರೋಗ್ಯ

ಡಾಕ್ಟರು ಟೇಪು ತೆಗೆದು ನನ್ನ ಹೊಟ್ಟೆಯ ಸುತ್ತ ಹಿಡಿದರು. ನಾನು ಉಸಿರು ಬಿಗಿ ಹಿಡಿದೆ. "ಉಸಿರು ಬಿಡಿ" ಅಂದರು. ಬಿಟ್ಟೆ. ಟೇಪು ಅವರ ಕೈಯಿಂದ ಜಾರಿತು.

ಆಮೇಲೆ ರಿಪೋರ್ಟು. ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 150 ದಾಟಿದೆ, ಬಿಪಿ 130/85ರ ಗೆರೆ ದಾಟಿದೆ, ಖಾಲಿ ಹೊಟ್ಟೆಯ ಸಕ್ಕರೆ 100ಕ್ಕಿಂತ ಜಾಸ್ತಿ. ಒಳ್ಳೆಯ ಕೊಲೆಸ್ಟ್ರಾಲ್ ಮಾತ್ರ ಹೇಗೋ ಮರ್ಯಾದೆ ಉಳಿಸಿಕೊಂಡಿದೆ. ಹೊಟ್ಟೆಯ ಸುತ್ತಳತೆಯೂ ಸೇರಿ ಈ ಐದರಲ್ಲಿ ಮೂರು ಕೆಟ್ಟರೆ ಮೆಟಬಾಲಿಕ್ ಸಿಂಡ್ರೋಮ್, ಅಂದರೆ ಹೃದ್ರೋಗಕ್ಕೂ ಸಕ್ಕರೆ ಕಾಯಿಲೆಗೂ ದಾರಿ ಮಾಡಿಕೊಡುವ ಕೂಟ. ನನಗೆ ಐದಕ್ಕೆ ನಾಲ್ಕು. ಜೀವನದಲ್ಲಿ ಮೊದಲ ಡಿಸ್ಟಿಂಕ್ಷನ್.

"ಸಿಹಿ ಬಿಡಿ, ತೂಕ ಇಳಿಸಿ, ದಿನಾ ನಡೀರಿ" ಅಂದರು. ಬರೀ ಬಿಡಿ, ಇಳಿಸಿ. ಮನಸ್ಸಿಗೆ ಬೇಜಾರಾಗಿ ಸೀದಾ ಅಂಗಡಿಯ ಹಾಲಿನ ಕಪಾಟಿನ ಮುಂದೆ ಹೋಗಿ ನಿಂತೆ. ಅಲ್ಲಿ ಏನನ್ನೂ ಬಿಡಿ ಅನ್ನುವವರಿಲ್ಲ. ಸೇರಿಸಿಕೊಳ್ಳಿ ಅನ್ನುವವರೇ ಎಲ್ಲ.

ಮೊದಲು ಕೈಗೆ ಸಿಕ್ಕಿದ್ದು ಒಮೆಗಾ-3 ಹಾಲು, ಮೀನೆಣ್ಣೆಯಲ್ಲಿ ಇರುವಂಥ ಕೊಬ್ಬು ಬೆರೆಸಿದ್ದು. ಮುಂದೆ ಹೆಬ್ಬೆರಳು ದಪ್ಪದ ಅಕ್ಷರ, ಹಿಂದೆ ಇರುವೆ ಸಾಲು. ಕನ್ನಡಕ ಹಣೆಗೇರಿಸಿ, ಡಬ್ಬಿಯನ್ನು ಮೂಗಿಗೆ ತಂದು ಓದಿದೆ. ಲೋಟಕ್ಕೆ 32 ಮಿಲಿಗ್ರಾಂ. ಟ್ರೈಗ್ಲಿಸರೈಡ್ ತುಂಬಾ ಏರಿದಾಗ ಡಾಕ್ಟರು ಔಷಧಿಯಾಗಿ ಬರೆದುಕೊಡುವ ಒಮೆಗಾ-3 ದಿನಕ್ಕೆ 4 ಗ್ರಾಂ. ಅಲ್ಲೇ ಮೊಬೈಲಿನಲ್ಲಿ ಭಾಗಿಸಿದೆ. 125 ಲೋಟ! ಲೋಟಕ್ಕೆ 240 ಮಿಲಿ ಅಂತ ಹಿಡಿದರೆ 30 ಲೀಟರ್. ಕರು ಕೂಡ ಅಷ್ಟು ಕುಡಿಯಲ್ಲ. ಕುಡಿದರೆ ಒಂದು ಲಾಭವಂತೂ ಉಂಟು: ಡಾಕ್ಟರು ಹೇಳಿದ ನಡಿಗೆ ಬಚ್ಚಲಿಗೆ ಹೋಗಿ ಬರುವುದರಲ್ಲೇ ಮುಗಿಯುತ್ತದೆ.

ಪಕ್ಕದಲ್ಲಿ ವಿಟಮಿನ್ ಡಿ ಹಾಲು, ಮೇಲೊಂದು ಕೆಂಪು ಹೃದಯ. 1930ರ ದಶಕದಲ್ಲಿ ಹಾಲಿಗೆ ವಿಟಮಿನ್ ಡಿ ಸೇರಿಸಲು ಶುರು ಮಾಡಿದ್ದು ಮಕ್ಕಳ ಮೂಳೆ ಸೊಟ್ಟಗಾಗದಿರಲಿ ಅಂತ. ಪಾಪ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿತು. ಈಗ ಮೂಳೆ ಇಲಾಖೆಯ ಆ ನಿಷ್ಠಾವಂತ ನೌಕರನನ್ನು ಹೃದಯಕ್ಕೆ ಡೆಪ್ಯುಟೇಶನ್ ಮೇಲೆ ಕಳಿಸಿದ್ದಾರೆ. ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2018ರಲ್ಲೇ ಬಂತು. ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ ನುಂಗಿದರೂ ಹೃದಯಾಘಾತ, ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಡಬ್ಬಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಕೆನೆ ತೆಗೆದ ಹಾಲಿನ ಕಥೆ ಇನ್ನೂ ಚಂದ. ಕೆನೆ ತೆಗೆದಾಗ ಅದರ ಜೊತೆ ವಿಟಮಿನ್ ಎ ಕೂಡ ಹೋಗುತ್ತದೆ. ಅದನ್ನೇ ಮತ್ತೆ ಸುರಿದು 'ಪೋಷಕಾಂಶಗಳಿಂದ ಸಮೃದ್ಧ' ಅಂತ ಬರೆಯುತ್ತಾರೆ. ನಮ್ಮ ಜೇಬಿಂದಲೇ ಎತ್ತಿ, ವಾಪಸ್ ಇಟ್ಟು, ದಾನಿಗಳ ಪಟ್ಟಿಯಲ್ಲಿ ಹೆಸರು!

ಸಸ್ಯ ಸ್ಟೆರಾಲ್ (ಗಿಡಗಳಲ್ಲಿರುವ, ಕೊಲೆಸ್ಟ್ರಾಲನ್ನೇ ಹೋಲುವ ವಸ್ತು) ಬೆರೆಸಿದ ಮೊಸರಿನ ವಿಷಯದಲ್ಲಿ ಸುಮ್ನೆ ಗೇಲಿ ಮಾಡೋ ಹಾಗಿಲ್ಲ. ದಿನಕ್ಕೆ 2 ಗ್ರಾಂನಷ್ಟು ತಿಂದರೆ ಕೆಟ್ಟ ಕೊಲೆಸ್ಟ್ರಾಲ್ ಶೇ. 7ರಿಂದ 10ರಷ್ಟು ಇಳಿಯುವುದು ನಿಜ. ಹೃದಯಾಘಾತ ತಪ್ಪಿಸುತ್ತದೆ ಅಂತ ಮಾತ್ರ ಯಾರೂ ತೋರಿಸಿಲ್ಲ. ಆದರೆ ನನ್ನ ಡಿಸ್ಟಿಂಕ್ಷನ್ ಇರುವ ಐದು ವಿಷಯಗಳಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಇಲ್ಲವೇ ಇಲ್ಲ. ಮಾಡು ಸೋರುತ್ತಿದೆ ಅಂತ ಕರೆದರೆ, ಬಂದವನು ಮುಂಬಾಗಿಲ ಚಿಲಕ ಸರಿ ಮಾಡಿ ಹೋದ ಹಾಗೆ.

ಕೊನೆಗೆ ಹಣ್ಣಿನ ಸ್ವಾದದ ಮೊಸರು. ಕೈಯಲ್ಲಿ ಹಿಡಿದರೆ ಮುಚ್ಚಿಹೋಗುವಷ್ಟು ಪುಟ್ಟ ಕಪ್ಪು. ಅದರಲ್ಲಿ 18 ಗ್ರಾಂ ಸಕ್ಕರೆ. ಹಾಲಿಗೇ ಸೇರಿದ ಐದಾರು ಗ್ರಾಂ ಬಿಟ್ಟುಬಿಡಿ, ಉಳಿದದ್ದು ಮೇಲಿಂದ ಸುರಿದ ಮೂರು ಚಮಚ. ಅದರ ಮೇಲೂ ಹೃದಯದ ಚಿತ್ರ, ಕೆಳಗೆ 'ಹೃದಯದ ಆರೋಗ್ಯಕ್ಕೆ ಬೆಂಬಲ'. ಈ ಬೆಂಬಲ ನಮಗೆ ಗೊತ್ತಿಲ್ಲದ್ದೇ? ಹೊರಗಿನಿಂದ ಕೊಡುವ ಬೆಂಬಲ. ಸರ್ಕಾರ ಬಿದ್ದರೆ ನಾವು ಜವಾಬ್ದಾರರಲ್ಲ.

ಇಷ್ಟೆಲ್ಲ ಓದಿದ ಮೇಲೂ ಎರಡು ಚೀಲ ತುಂಬಿಸಿದೆ. ಹೃದಯ ನೋಡಿ, ಬೇಡ ಅನ್ನೋಕೆ ಮನಸ್ಸು ಬರಲ್ಲ. ಮನೆ ಇರೋದು ಎರಡನೇ ಮಹಡಿಯಲ್ಲಿ. ಲಿಫ್ಟಿನಲ್ಲಿ ಹೋದೆ. ಅಷ್ಟೊಂದು ಆರೋಗ್ಯ ಹೊತ್ತು ಮೆಟ್ಟಿಲು ಹತ್ತೋದು ಕಷ್ಟ ಅಲ್ವಾ?