ಶೀಆನ್ ಹೆಸರಿನ ಆ ಅಪಾಸ್ಟ್ರಫಿ ತೆಗೀಬೇಡಿ

ಹೋದ ವಾರ ಒಂದು ಟ್ರಾವೆಲ್ಸ್‌ನವರ ಇಂಗ್ಲಿಷ್ ಬ್ರೋಷರ್ ಪ್ರೂಫ್ ನೋಡ್ತಿದ್ದೆ, ನನ್ನ ಕೆಲಸವೇ ಅದು. ಚೀನಾ ಟೂರು, ಎಂಟು ದಿನದ್ದು. ಅದರಲ್ಲಿ ಶೀಆನ್ ಊರಿನ ಹೆಸರು ಬಂದ ಕಡೆಯೆಲ್ಲಾ ಎಕ್ಸ್, ಐ, ಆಮೇಲೆ ಒಂದು ಅಪಾಸ್ಟ್ರಫಿ (ಲೆಟರಿನ ಮೇಲ್ಗಡೆ ಹಾಕೋ ಸಣ್ಣ ಕಾಮಾ), ಆಮೇಲೆ ಎ, ಎನ್ ಅಂತ ತಿದ್ದಿ ಕಳಿಸಿದೆ. ಸಂಜೆ ಫೈಲು ವಾಪಸ್ ಬಂದಾಗ ಹನ್ನೊಂದು ಕಡೆನೂ ಅಪಾಸ್ಟ್ರಫಿ ಇಲ್ಲ. ಫೋನ್ ಮಾಡಿದ್ರೆ ಡಿಸೈನ್ ಮಾಡೋ ಹುಡುಗ "ಮೇಡಂ, ಟೈಪಿಂಗ್ ಮಿಸ್ಟೇಕ್ ಅಂದ್ಕೊಂಡು ಎಲ್ಲಾ ಒಂದೇ ಸಲ ತೆಗೆದ್ಬಿಟ್ಟೆ" ಅಂದ. ಅವನನ್ನ ಬೈಯೋಕೆ ಮನಸ್ಸು ಬರ್ಲಿಲ್ಲ, ಇದನ್ನ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ.

ಆ ಹೆಸರಲ್ಲಿ ಎರಡು ಚೀನೀ ಅಕ್ಷರ ಇವೆ. ಶೀ ಅಂದ್ರೆ ಪಶ್ಚಿಮ, ಆನ್ ಅಂದ್ರೆ ಶಾಂತಿ, ನೆಮ್ಮದಿ. ಶೀ ಅಂದು ಬಿಟ್ಟು ಆನ್ ಅನ್ಬೇಕು. ಚೀನೀ ಭಾಷೆನ ರೋಮನ್ ಲಿಪಿಯಲ್ಲಿ ಬರೆಯೋಕೆ ಅವರೇ 1958ರಲ್ಲಿ ಪಿನ್‌ಯಿನ್ ಅಂತ ಒಂದು ಪದ್ಧತಿ ಜಾರಿಗೆ ತಂದ್ರು, ಅದರಲ್ಲಿ ಪದದ ಮಧ್ಯೆ ಬರೋ ತುಂಡು, ಅಂದ್ರೆ ಒಂದೇ ಉಸಿರಿಗೆ ಹೇಳೋ ಭಾಗ, ಎ, ಇ, ಓ ಈ ಮೂರು ಲೆಟರಲ್ಲಿ ಯಾವುದರಿಂದ ಶುರುವಾದ್ರೂ ಅದರ ಹಿಂದೆ ಅಪಾಸ್ಟ್ರಫಿ ಹಾಕ್ಬೇಕು. ಇಲ್ಲಿ ಅದು ಇಂಗ್ಲಿಷ್‌ನ ಥರ ಯಾವುದೋ ಲೆಟರ್ ಬಿಟ್ಟುಹೋಗಿದೆ ಅನ್ನೋ ಗುರುತಲ್ಲ, ಇಲ್ಲಿ ಉಸಿರು ಒಡೀರಿ ಅನ್ನೋ ಗುರುತು. ಅದನ್ನ ತೆಗೆದ್ರೆ ಶ್ಯೆನ್ ಅಂತ ಒಂದೇ ಉಸಿರಿನ ಬೇರೆ ಪದ ಆಗೋಗುತ್ತೆ, ಆ ಉಚ್ಚಾರದ ಒಂದು ಪದಕ್ಕೆ ಹೆಚ್ಚುಕಮ್ಮಿ ನಮ್ಮ ತಾಲೂಕು ಅನ್ನೋ ಅರ್ಥ. ಇದೇ ಥರ ಪ್ಯಾವ್ ಅಂದ್ರೆ ಟಿಕೆಟ್ಟು, ಅವೇ ನಾಲ್ಕು ಲೆಟರಿನ ಮಧ್ಯೆ ಅಪಾಸ್ಟ್ರಫಿ ಬಂತೋ, ಪಿ-ಆವ್, ತುಪ್ಪಳದ ಕೋಟು.

ನಂಗೆ ತುಂಬಾ ಇಷ್ಟದ ಉದಾಹರಣೆ ಆ ಊರಿನ ಏರ್‌ಪೋರ್ಟು. ಅದರ ಹೆಸರು ಶೀಆನ್ ಶ್ಯೆನ್‌ಯಾಂಗ್ ಇಂಟರ್‌ನ್ಯಾಷನಲ್ ಏರ್‌ಪೋರ್ಟ್. ಶ್ಯೆನ್‌ಯಾಂಗ್ ಪಕ್ಕದ ಊರು, ಚಿನ್ ಸಾಮ್ರಾಜ್ಯದ ರಾಜಧಾನಿ ಆಗಿದ್ದದ್ದು. ಎರಡೂ ಹೆಸರಿನ ಶುರುವಲ್ಲಿ ಅವೇ ನಾಲ್ಕು ಲೆಟರು, ಮೊದಲನೇದು ಎರಡು ತುಂಡು, ಎರಡನೇದು ಒಂದೇ ತುಂಡು, ವ್ಯತ್ಯಾಸ ಹೇಳೋಕೆ ಇರೋದು ಆ ಒಂದು ಅಪಾಸ್ಟ್ರಫಿ ಮಾತ್ರ. ಬೀಜಿಂಗ್‌ನ ತಿಯೆನ್-ಆನ್-ಮೆನ್‌ನಲ್ಲಿ ಇರೋದೂ ಇದೇ ಆನ್, ಶೀಆನ್‌ನ ಹಳೇ ಹೆಸರು ಛಾಂಗ್-ಆನ್‌ನಲ್ಲೂ ಇದೇ ಆನ್. ನಾವು ಅದನ್ನ ಹಿಂದಿನ ಅಕ್ಷರಕ್ಕೆ ಅಂಟಿಸಿ ತಿಯಾನನ್ಮೆನ್, ಚಂಗನ್ ಅಂತ ಓದಿದಾಗ ಶಾಂತಿ ಅನ್ನೋ ಪದವೇ ಕಾಣೆಯಾಗುತ್ತೆ.

ಕನ್ನಡದೋರಿಗೆ ಇದು ಕಷ್ಟ ಅಲ್ವೇ ಅಲ್ಲ. ಪೇಪರುಗಳಲ್ಲಿ ಎಕ್ಸ್ ನೋಡಿ ಕ್ಸಿಯಾನ್ ಅಂತ ಬರೆದಿರೋದು ನೋಡಿದ್ರೆ ಸಂಕಟ ಆಗುತ್ತೆ, ಯಾಕಂದ್ರೆ ಪಿನ್‌ಯಿನ್‌ನ ಎಕ್ಸ್‌ಗೆ ನಮ್ಮ ತಾಲವ್ಯ ಶ ತುಂಬಾ ಹತ್ರ, ಎಸ್‌ಎಚ್ ಅಂತ ಬರೆಯೋದಕ್ಕೆ ಮೂರ್ಧನ್ಯ ಷ ಹತ್ರ. ಇಂಗ್ಲಿಷಿನೋರಿಗೆ ಈ ಎರಡು ಬೇರೆ ಬೇರೆ ಅಕ್ಷರ ಇಲ್ಲ, ನಮಗೆ ಒಂದನೇ ಕ್ಲಾಸಿಂದ ಇದೆ. ಇನ್ನು ಶಿಯಾನ್ ಅನ್ನೋದು ನಮ್ಮ ನಾಲಿಗೆಯ ಸ್ವಭಾವ, ಎರಡು ಸ್ವರ ಎದುರಾದ್ರೆ ಮಧ್ಯೆ ಯ ಬಂದ್ಬಿಡುತ್ತೆ, ಹೈಸ್ಕೂಲಲ್ಲಿ ಆಗಮ ಸಂಧಿ ಅಂತ ಓದಿದ್ವಲ್ಲ, ಮನೆ ಅನ್ನು ಸೇರಿ ಮನೆಯನ್ನು ಆಗೋದು. ಮಾತಲ್ಲಿ ಹಾಗೆ ಬಂದ್ರೆ ಬರ್ಲಿ ಬಿಡಿ. ಬರೆಯೋವಾಗ ಆದ್ರೂ ಸರಿಯಾಗಿ ಬರೆಯೋಣ.

ಇಷ್ಟು ಸಣ್ಣದಕ್ಕೆ ಯಾಕಿಷ್ಟು ಅಂತ ಕೇಳೋರಿಗೆ, ನಮ್ಮೂರು ಹಾಸನ. ಇಂಗ್ಲಿಷಲ್ಲಿ ಬರೆಯೋದು ನೋಡಿ ಹೊರಗಿನೋರೆಲ್ಲಾ ಹಸ್ಸನ್ ಅಂತಾರೆ, ದೆಹಲಿಯಲ್ಲಿ ಕೆಲಸ ಮಾಡಿದ ಮೂರು ವರ್ಷವೂ ಹಾ-ಸ-ನ ಅಂತ ಬಿಡಿಸಿ ಬಿಡಿಸಿ ಹೇಳಿದೀನಿ. ಸ್ಪೆಲ್ಲಿಂಗು ಉಚ್ಚಾರ ಕೆಡಿಸಿದ್ರೆ ಆ ಊರಲ್ಲಿ ಹುಟ್ಟಿದೋರಿಗೆ ಹೆಂಗಾಗುತ್ತೆ ಅಂತ ನಂಗೆ ಗೊತ್ತು.

ಮತ್ತೆ ಈ ಊರಿಗೂ ನಮಗೂ ಒಂದು ಹಳೇ ಲೆಕ್ಕ ಇದೆ. ಶಾಲೆಯಲ್ಲಿ ಹ್ಯೂಯೆನ್ ತ್ಸಾಂಗ್ ಅಂತ ಓದಿದೀವಲ್ಲ, ಪಿನ್‌ಯಿನ್‌ನಲ್ಲಿ ಅವನ ಹೆಸರೂ ಇದೇ ಎಕ್ಸ್‌ನಿಂದ ಶುರುವಾಗುತ್ತೆ. ಅವನು ಏಳನೇ ಶತಮಾನದಲ್ಲಿ ಹೊರಟಿದ್ದು ಈ ಊರಿಂದ, ಆಗ ಛಾಂಗ್-ಆನ್, 645ರಲ್ಲಿ 657 ಗ್ರಂಥ ಹೊತ್ತುಕೊಂಡು ವಾಪಸ್ ಬಂದಿದ್ದೂ ಇಲ್ಲಿಗೇ. ಅವನ್ನ ಇಡೋಕೆ ಅಂತ 652ರಲ್ಲಿ ಕಟ್ಟಿದ ಗೋಪುರ ಇವತ್ತೂ ಅಲ್ಲಿದೆ, 2015ರಲ್ಲಿ ಮೋದಿಯವರು ಹೋಗಿದ್ರಲ್ಲ, ಅದೇ. ನಮ್ಮ ಪುಲಕೇಶಿಯ ಹೆಸರನ್ನ ಅವನು ನಾಲ್ಕು ಚೀನೀ ಅಕ್ಷರದಲ್ಲಿ, ಪು-ಲ-ಕೇ-ಶಿ ಅಂತ ತುಂಡು ತುಂಡಾಗಿ ಕೇಳಿಸೋ ಹಾಗೆ ಬರೆದಿಟ್ಟ. ನಮ್ಮ ದೇಶದ ಹೆಸರಿನ ಬಗ್ಗೆ ಬರೀತಾ, ಹಿಂದಿನೋರು ಶೆನ್‌ದು ಅಂದ್ರು, ಶ್ಯೆನ್‌ದೌ ಅಂದ್ರು, ಸರಿಯಾದ ಉಚ್ಚಾರದ ಪ್ರಕಾರ ಇನ್‌ದು ಅನ್ನಬೇಕು ಅಂತ ಹೇಳಿದ. ಇವತ್ತಿಗೂ ಚೀನಾದೋರು ಭಾರತಕ್ಕೆ ಇನ್‌ದು ಅಂತಾನೇ ಅನ್ನೋದು. ಅಷ್ಟು ದೂರದಿಂದ ಬಂದು ನಮ್ಮ ಹೆಸರು ಸರಿ ಮಾಡಿದೋನ ಊರಿನ ಹೆಸರಿಗೆ ನಾವು ಒಂದು ಕೀ ಜಾಸ್ತಿ ಒತ್ತೋಕೂ ಆಗಲ್ವಾ?

ಟಿಕೆಟ್ ಬುಕಿಂಗ್ ಸೈಟು, ಆನ್‌ಲೈನ್ ಫಾರಂ ಇವೆಲ್ಲಾ ಅಪಾಸ್ಟ್ರಫಿ ಹೊಡೆದ್ರೆ ಎರರ್ ತೋರಿಸ್ತಾವೆ, ಅಲ್ಲಿ ಬೇರೆ ದಾರಿ ಇಲ್ಲ, ಬಿಟ್ಟೇ ಬರೀರಿ. ಆದ್ರೆ ಬ್ರೋಷರು, ಲೇಖನ, ಮಕ್ಕಳ ಪ್ರಾಜೆಕ್ಟು, ಫೋಟೋ ಕೆಳಗಿನ ಕ್ಯಾಪ್ಷನ್ನು, ಇಲ್ಲೆಲ್ಲಾ ನಮ್ಮನ್ನ ಯಾರೂ ತಡೆಯಲ್ಲ.

ಬ್ರೋಷರ್‌ನಲ್ಲಿ ಹನ್ನೊಂದೂ ಕಡೆ ಮತ್ತೆ ಹಾಕಿಸಿದೆ. ಆ ಹುಡುಗನೇ ಕೂತು ಹಾಕಿದ, ಹಾಕ್ತಾ ಹಾಕ್ತಾ "ಮೇಡಂ, ಈ ಊರಿರೋ ಪ್ರಾಂತ್ಯ ಷಾನ್‌ಶೀ ಅಂತಿದೆಯಲ್ಲ, ಅದರಲ್ಲಿ ಎರಡು ಎ ಬಿದ್ದಿದೆ, ಒಂದು ತೆಗೀಲಾ?" ಅಂತ ಕೇಳಿದ. ಬೇಡಪ್ಪ ಅಂದೆ. ಪಕ್ಕದ ಪ್ರಾಂತ್ಯದ ಹೆಸರೂ ಷಾನ್‌ಶೀನೇ, ಹೇಳೋ ರಾಗ ಮಾತ್ರ ಬೇರೆ, ರೋಮನ್ ಲಿಪಿಯಲ್ಲಿ ಎರಡೂ ಒಂದೇ ಆಗಬಾರದು ಅಂತ ಇದಕ್ಕೆ ಎರಡು ಎ ಕೊಟ್ಟಿರೋದು.